ಹಳೆಯ 386 ಕಂಪ್ಯೂಟರ್ ಬೋರ್ಡಿನ ಮೇಲೆ ಹಸಿರು ಪುಡಿ ಕೂತಿದೆ. ಏನದು, ಸರಿ ಮಾಡಬಹುದಾ?

ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದ ಕಂಪ್ಯೂಟರ್, ಒಳಗೆ ನೀಲಿ ಉರುಳೆಯಂಥದ್ದೊಂದು, ಸುತ್ತ ಹಸಿರು ಪುಡಿ ಅಂತ ಬರೆದಿದ್ದೀರಿ. ಅದು ತೌಡಿನ ಧೂಳಲ್ಲ. ನೀಲಿ ಉರುಳೆ 3.6 ವೋಲ್ಟಿನ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ. ತಾರೀಕು, ಸೆಟ್ಟಿಂಗ್ ಮರೆಯದಂತೆ ಇಡುವುದು ಅದರ ಕೆಲಸ. ವಯಸ್ಸಾದರೆ ಸೋರುತ್ತದೆ, ಸೋರಿದ ಕ್ಷಾರ ಬೋರ್ಡಿನ ತಾಮ್ರದ ಗೆರೆಗಳನ್ನೇ ತಿನ್ನುತ್ತದೆ. ಹಸಿರು ಪುಡಿ ಅದರ ಗುರುತು.

ಕರೆಂಟ್ ತೆಗೆದು, ಮೊದಲು ಆ ಬ್ಯಾಟರಿಯನ್ನು ಕತ್ತರಿಸಿ ತೆಗೆಯಿರಿ. ಕೈಗೆ ಗ್ಲೌಸ್ ಇರಲಿ, ಕ್ಯಾಡ್ಮಿಯಂ ವಿಷ. ಕ್ಷಾರಕ್ಕೆ ಹುಳಿಯೇ ಮದ್ದು ಅಲ್ವಾ? ಹಳೇ ಟೂತ್ ಬ್ರಷ್ಷಿಗೆ ಬಿಳಿ ವಿನೆಗರ್ ಹಚ್ಚಿ ಮೆಲ್ಲಗೆ ಉಜ್ಜಿ. ನಿಂಬೆರಸವೂ ನಡೆಯುತ್ತದೆ. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ ಒಣಗಿಸಿ. ನಮ್ಮ ಕಡೆ ಬಿಸಿಲಿಗೇನೂ ಬರವಿಲ್ಲ, ಆದರೂ ನೆರಳಲ್ಲೇ ಇಡಿ. ಗೆರೆ ತುಂಡಾಗಿದೆಯಾ ಅಂತ ಮಲ್ಟಿಮೀಟರಿನ ಬೀಪ್ ಕೇಳಿ ನೋಡಿ, ಬೀಪ್ ಬಂದರೆ ಗೆರೆ ಸರಿಯಿದೆ. ತುಂಡಾದಲ್ಲಿ ತೆಳು ತಂತಿ ಬೆಸೆದರೆ ಸಾಕು.

ಬದಲಿಗೆ ಸಿಆರ್2032 ಸೆಲ್ ಹಾಕುವುದಾದರೆ ಜೊತೆಗೊಂದು ಡಯೋಡ್, ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ, ಬೇಕೇ ಬೇಕು. ಬೋರ್ಡು ಬ್ಯಾಟರಿಗೆ ಚಾರ್ಜ್ ಕೊಡುತ್ತದೆ, ಈ ಸೆಲ್ ಚಾರ್ಜ್ ಮಾಡುವಂಥದ್ದಲ್ಲ.

ಆನ್ ಆಗಿ ಹಾರ್ಡ್ ಡಿಸ್ಕ್ ಕಾಣದಿದ್ದರೆ ಸುಮ್ನೆ ಗಾಬರಿಯಾಗಬೇಡಿ, ಬ್ಯಾಟರಿ ಹೋದಾಗ ಡಿಸ್ಕಿನ ಸೆಟ್ಟಿಂಗೂ ಮರೆತಿರುತ್ತದೆ. ಡಿಸ್ಕಿನ ಮೇಲಿನ ಚೀಟಿಯಲ್ಲಿ ಸಾಮಾನ್ಯವಾಗಿ ಸಿಲಿಂಡರ್, ಹೆಡ್, ಸೆಕ್ಟರ್ ಸಂಖ್ಯೆ ಇರುತ್ತದೆ. ಸೆಟಪ್ ಪರದೆಯಲ್ಲಿ ಕೈಯಾರೆ ತುಂಬಿ. ಜಾಸ್ತಿ ಬೋರ್ಡುಗಳಲ್ಲಿ ಅದಕ್ಕೆ ಟೈಪ್ 47 ಆರಿಸಬೇಕು.