ಟೀಚರ್ ಹತ್ತಿರ ಕೇಳಿ: ಘಂಟಾಗಾಡಿಯ ಮಾವಶಿಗೂ ಒಂದು ಪದ್ಯ

ಪ್ರಶ್ನೆ: ನನ್ನ ಮಗನಿಗೆ ನಾಲ್ಕು ವರ್ಷ. ಊರಲ್ಲಿ ಯಾರು ಯಾವ ಕೆಲಸ ಮಾಡುತ್ತಾರೆ ಎಂದು ಪ್ರಾಸದಲ್ಲಿ ಹೇಳುವ ಇಂಗ್ಲಿಷ್ ಚಿತ್ರಪುಸ್ತಕ ತಂದಿದ್ದೇನೆ. ಕನ್ನಡದಲ್ಲಿ ಹೇಳಹೋದರೆ ಪ್ರಾಸ ಬಿದ್ದುಹೋಗುತ್ತದೆ, ಅವನು ಎದ್ದುಹೋಗುತ್ತಾನೆ. ಪುಸ್ತಕದ ಹಾಲಿನವನ ಗುರುತಿದೆ, ನಮ್ಮ ಬಿಲ್ಡಿಂಗಿಗೆ ದಿನಾ ಬರುವವರ ಗುರುತಿಲ್ಲ. ಮನೆಯಲ್ಲಿ ಮಾವನವರಿದ್ದಾರೆ. ಕುಂದಾಪುರದಿಂದ ಹುಡುಗನಾಗಿದ್ದಾಗಲೇ ಬಂದು ಮುಂಬಯಿಯ ಫೋರ್ಟಿನ ಹೋಟೆಲಿನಲ್ಲಿ ದುಡಿದವರು. ಅವರಿಗೂ ಮೊಮ್ಮಗನಿಗೆ ಏನಾದರೂ ಹೇಳಿಕೊಡುವ ಆಸೆ. ಏನು ಮಾಡಲಿ?
— ಒಬ್ಬ ತಾಯಿ, ಡೊಂಬಿವಲಿ

ಉತ್ತರ: ಇಂಗ್ಲಿಷ್ ಪುಸ್ತಕವನ್ನು ಇಂಗ್ಲಿಷಿನಲ್ಲೇ ಓದಿ ಅಮ್ಮ, ತಿರುಗಿಸಬೇಡಿ. ಆ ಸಾಲುಗಳು ನಿಂತಿರುವುದೇ ಪ್ರಾಸದ ಮೇಲೆ. ಮಗು ಎದ್ದುಹೋದದ್ದು ಕಿವಿ ಚುರುಕಾಗಿರುವುದರಿಂದ. ಆ ಕಿವಿಯನ್ನು ಕಡೆಗಣಿಸಬೇಡಿ. ಆಕ್ಸ್‌ಫರ್ಡಿನ ಲಿನೆಟ್ ಬ್ರಾಡ್ಲಿ ಮತ್ತು ಪೀಟರ್ ಬ್ರಯಂಟ್ 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಲ್ಕೈದು ವರ್ಷಕ್ಕೇ ಪ್ರಾಸ ಹಿಡಿಯಬಲ್ಲ ಮಕ್ಕಳು ಮುಂದೆ ಓದುಬರಹದಲ್ಲೂ ಮುಂದಿದ್ದದ್ದು ಕಂಡುಬಂತು. ಅವರು ನೋಡಿದ್ದು ಇಂಗ್ಲಿಷ್ ಮಕ್ಕಳನ್ನು. ಮುಂಬಯಿಯ ಕನ್ನಡ ಬಾಲವಾಡಿಯಲ್ಲಿ ನಾನು ಕಂಡದ್ದೂ ಅದನ್ನೇ. ಪದ್ಯದ ಕೊನೆಯ ಪದವನ್ನು ನುಂಗಿ ಸುಮ್ಮನಾದರೆ ಸಾಕು, ಹಿಂದಿನ ಸಾಲಿನಲ್ಲಿ ಕೂತ ಮಗುವೂ ಅದನ್ನು ಕೂಗಿ ಹೇಳುತ್ತಿತ್ತು.

ಇನ್ನು ಕನ್ನಡದ ಪುಸ್ತಕವನ್ನು ನೀವೇ ಮಾಡಿ. ಒಂದು ಡ್ರಾಯಿಂಗ್ ಬುಕ್ ಸಾಕು. ಒಂದು ಪುಟಕ್ಕೆ ಒಬ್ಬರು, ಅವರಿಗೆ ನಾಲ್ಕು ಸಾಲು. ಯಾರಿಂದ ಶುರುಮಾಡುವುದು ಎಂದರೆ, ಬೆಳಿಗ್ಗೆ ನಿಮ್ಮ ಗೇಟಿನೊಳಗೆ ಮೊದಲು ಬರುವವರಿಂದ. ನಿಮ್ಮಲ್ಲಿ ಬಹುಶಃ ಘಂಟಾಗಾಡಿ, ಅಂದರೆ ಗಂಟೆ ಬಾರಿಸುತ್ತಾ ಬರುವ ಕಸದ ಗಾಡಿ, ಮತ್ತು ಅದರ ಜೊತೆ ಬರುವ ಮಾವಶಿ (ಮರಾಠಿಯಲ್ಲಿ ಚಿಕ್ಕಮ್ಮ) ಇರಬೇಕು:

ಟಣ್ ಟಣ್ ಟಣ್ ಟಣ್ ಘಂಟಾಗಾಡಿ
ಬಂತು ನೋಡಿ, ಬಾಗಿಲಿಗೆ ಓಡಿ!
ಹಸಿ ಕಸ ಇಲ್ಲಿ, ಒಣ ಕಸ ಅಲ್ಲಿ
ಮಾವಶಿ ಕೈಗೆ ಮೆಲ್ಲಗೆ ನೀಡಿ

ಪದ್ಯ ಹೇಳುತ್ತಾ ಎರಡು ಬುಟ್ಟಿಗಳನ್ನು ಮಗನಿಂದಲೇ ತೆಗೆಸಿ. ಹಸಿ ಕಸ, ಒಣ ಕಸ ಬೇರೆ ಮಾಡದೆ ಕೊಟ್ಟರೆ ಆ ಮಾವಶಿ ಕೈ ಹಾಕಿ ಬೇರೆ ಮಾಡಬೇಕಾಗುತ್ತದೆ ಎಂಬುದು ನಾಲ್ಕು ವರ್ಷದ ಮಗುವಿಗೆ ಚೆನ್ನಾಗಿ ಅರ್ಥವಾಗುತ್ತದೆ. ದೊಡ್ಡವರಿಗಿಂತ ಬೇಗ ಅರ್ಥವಾಗುತ್ತದೆ ಎಂದೇ ನನ್ನ ಅನುಭವ.

ಆಮೇಲೆ ಡಬ್ಬಾವಾಲಾ, ಮನೆಯ ಊಟದ ಡಬ್ಬಿಯನ್ನು ಕೆಲಸದ ಜಾಗಕ್ಕೆ ಮುಟ್ಟಿಸುವವರು. 1890ರ ಹೊತ್ತಿಗೆ ಮಹಾದೇವ ಹಾವಾಜಿ ಬಚ್ಚೆ ಮುಂಬಯಿಯಲ್ಲಿ ಶುರುಮಾಡಿದ ಕೆಲಸ ಇದು. ಬೇರೆ ಯಾವ ಊರಿನ ಚಿತ್ರಪುಸ್ತಕದಲ್ಲಿ ಇವರನ್ನು ಹುಡುಕುತ್ತೀರಿ?

ಟೋಪಿಯ ಕಾಕಾ ಬರ್ತಾರೆ
ಬಿಸಿ ಬಿಸಿ ಡಬ್ಬಿಯ ಹೊರ್ತಾರೆ
ಲೋಕಲ್ ರೈಲನು ಏರ್ತಾರೆ
ಊಟದ ಹೊತ್ತಿಗೆ ಸೇರ್ತಾರೆ

ಚಿತ್ರದಲ್ಲಿ ಡಬ್ಬಿಯ ಮುಚ್ಚಳವನ್ನು ದೊಡ್ಡದಾಗಿ ಬರೆಯಿರಿ. ಅದರ ಮೇಲೆ ಬಣ್ಣ, ಅಕ್ಷರ, ಅಂಕಿಗಳ ಗುರುತು ಇರುತ್ತದೆ: ಯಾವ ಸ್ಟೇಷನ್ನಿನಲ್ಲಿ ಇಳಿಯಬೇಕು, ಯಾವ ಕಟ್ಟಡ, ಎಷ್ಟನೆಯ ಮಾಳಿಗೆ. ಒಂದೇ ಡಬ್ಬಿ ದಾರಿಯಲ್ಲಿ ಹಲವರ ಕೈ ಬದಲಾಯಿಸಿದರೂ ದಾರಿ ತಪ್ಪದಿರುವುದು ಆ ಗುರುತಿನಿಂದ. ನಿಮ್ಮ ಮಗನ ನೀರಿನ ಬಾಟಲಿಗೂ ಅವನೇ ಯೋಚಿಸಿದ ಒಂದು ಗುರುತು ಹಾಕಿಸಿ. ಅಕ್ಷರ ಯಾಕೆ ಬೇಕು ಎಂಬುದು ಅವನಿಗೆ ಅಲ್ಲೇ ತಿಳಿಯುತ್ತದೆ.

ಪದ್ಯ ಕಟ್ಟುವಾಗ ಒಂದು ವಿಷಯದಲ್ಲಿ ನಾನು ಬಹಳ ಹಟಮಾರಿ. ‘ಬರ್ತಾನೆ’, ‘ಹೊರ್ತಾಳೆ’ ಎಂದು ಬರೆಯಬೇಡಿ. ಡಾಕ್ಟರು ‘ಬರ್ತಾರೆ’, ಕಸದವಳು ‘ಬರ್ತಾಳೆ’ ಎಂದು ಮನೆಯಲ್ಲಿ ಕೇಳಿದ ಮಗು, ಯಾರನ್ನು ಗೌರವಿಸಬೇಕು, ಯಾರನ್ನು ಬೇಡ ಎಂಬುದನ್ನು ಆ ಒಂದು ಅಕ್ಷರದಲ್ಲೇ ಕಲಿತುಬಿಡುತ್ತದೆ. ಆಮೇಲೆ ಎಷ್ಟು ನೀತಿಕಥೆ ಹೇಳಿದರೂ ಅದು ಹೋಗುವುದಿಲ್ಲ. ಎಲ್ಲರಿಗೂ ‘ತಾರೆ’ ಇಡಿ. ಪ್ರಾಸವೂ ಸುಲಭ, ಗಂಡಸರ ಕೆಲಸ, ಹೆಂಗಸರ ಕೆಲಸ ಎಂಬ ಗೆರೆಯೂ ಬೀಳುವುದಿಲ್ಲ.

ಚಿತ್ರ ಬರೆಯಲು ಬಾರದಿದ್ದರೆ ಫೋಟೊ ಅಂಟಿಸಿ. ಆದರೆ ಮೊದಲು ಅವರನ್ನು ಕೇಳಿ, ತೆಗೆದದ್ದನ್ನು ಅವರಿಗೂ ತೋರಿಸಿ. ಮಗ ಪಕ್ಕದಲ್ಲಿರಲಿ.

ಈಗ ನಿಮ್ಮ ಮಾವನವರ ಮಾತು. ಅವರಿಗೊಂದು ಪುಟ ಕೊಡಲೇಬೇಕು. ದಕ್ಷಿಣ ಕನ್ನಡ, ಉಡುಪಿ ಕಡೆಯಿಂದ ಬಂದು, ಹಗಲಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಇಲ್ಲಿನ ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತ ಹುಡುಗರು ಎಷ್ಟೋ ಜನ. ಈ ಊರಿಗೆ ಇಡ್ಲಿ, ದೋಸೆ ತಿನ್ನಿಸಿದ ಕೈಗಳು ಅವು. ದೋಸೆಕಲ್ಲಿಗೆ ನೀರು ಚಿಮುಕಿಸಿದಾಗ ಏನು ಸದ್ದು, ಒಂದೇ ಕೈಯಲ್ಲಿ ಎಷ್ಟು ಪ್ಲೇಟು ಹಿಡಿಯುತ್ತಿದ್ದರು, ಆರ್ಡರನ್ನು ಅಡುಗೆಮನೆಗೆ ಹೇಗೆ ಕೂಗುತ್ತಿದ್ದರು ಎಂದು ಮೊಮ್ಮಗನೇ ಕೇಳಲಿ. ಆ ಕೂಗೇ ಪದ್ಯದ ಮೊದಲ ಸಾಲಾಗಲಿ. ಕುಂದಾಪುರದ ಮಾತಿನಲ್ಲೇ ಬಂದರೆ ತಿದ್ದಬೇಡಿ.

ಪ್ರಶ್ನೆ: ಶಾಲೆಯಲ್ಲಿ ‘ನಮ್ಮ ಸಹಾಯಕರು’ ವೇಷ ಹಾಕಿಸುತ್ತಾರೆ. ನನ್ನ ಮಗಳಿಗೆ ರೈಲು ಓಡಿಸುವವಳಾಗಬೇಕಂತೆ. ನೆಂಟರು ನರ್ಸ್ ವೇಷ ಹಾಕು ಎನ್ನುತ್ತಾರೆ.
— ಒಬ್ಬ ತಂದೆ, ಠಾಣೆ

ಉತ್ತರ: ರೈಲಿನ ವೇಷವನ್ನೇ ಹಾಕಿ. ಸಾತಾರಾದ ಸುರೇಖಾ ಯಾದವ್ ರೈಲ್ವೆ ಎಂಜಿನ್ ಓಡಿಸಿದ ಮೊದಲ ಭಾರತೀಯ ಮಹಿಳೆ. 2023ರ ಮಾರ್ಚಿನಲ್ಲಿ ಸೊಲ್ಲಾಪುರದಿಂದ ಮುಂಬಯಿಗೆ ವಂದೇ ಭಾರತ್ ರೈಲನ್ನು ಓಡಿಸಿ ತಂದವರೂ ಅವರೇ. ಅವರ ಫೋಟೊ ಒಂದನ್ನು ಮಗಳ ಕೈಗೆ ಕೊಡಿ, ನೆಂಟರಿಗೆ ಅವಳೇ ತೋರಿಸಲಿ. ನರ್ಸ್ ಕೆಲಸ ದೊಡ್ಡದೇ. ಆ ವೇಷ ಅಣ್ಣನೋ ತಮ್ಮನೋ ಹಾಕಬಹುದು.

ಪ್ರಶ್ನೆ: ಇಲ್ಲಿ ಕನ್ನಡ ಚಿತ್ರಪುಸ್ತಕ ಸಿಗುವುದು ಕಷ್ಟ. ದಾರಿ ಇದೆಯೇ?
— ವಾಸ್ಕೋದ ಓದುಗರು

ಉತ್ತರ: ಇದೆ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರುಮಾಡಿದ ‘ಸ್ಟೋರಿವೀವರ್’ ತಾಣದಲ್ಲಿ ಕನ್ನಡ ಚಿತ್ರಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಭಾಷೆ, ಓದಿನ ಹಂತ ಆರಿಸಿಕೊಳ್ಳಬಹುದು, ಇಳಿಸಿಕೊಂಡು ಪ್ರಿಂಟೂ ಹಾಕಬಹುದು. ಪುಟ್ಟ ಮಕ್ಕಳಿಗೆ ಮೊದಲ ಹಂತದವು ಸಾಕು. ಮೊಬೈಲಿನಲ್ಲಿ ತೋರಿಸುವುದಕ್ಕಿಂತ ಪ್ರಿಂಟ್ ಹಾಕಿ ಹೊಲಿದು ಕೊಡಿ, ಪುಟ ತಿರುಗಿಸುವುದು ಮಗುವಿನ ಕೆಲಸವಾಗಲಿ.