ಶಿವಮೊಗ್ಗದಲ್ಲಿ ಅಕ್ವೇರಿಯಂಗೆ ಕಡಿಮೆ ಖರ್ಚಿನಲ್ಲಿ ಕಲ್ಲು ಎಲ್ಲಿ ಸಿಗುತ್ತದೆ? ಹೊರಗಿನ ಕಲ್ಲು ಹಾಕಬಹುದಾ?

ಖಂಡಿತ ಹಾಕಬಹುದು. ಅಂಗಡಿಯಲ್ಲಿ ಕೆಜಿ ಲೆಕ್ಕದಲ್ಲಿ ಕೊಳ್ಳುವ ಮುಂಚೆ ನಿಮ್ಮ ಬೀದಿಯಲ್ಲಿ ಮನೆ ಕಟ್ಟುತ್ತಿರುವ ಜಾಗಕ್ಕೆ ಹೋಗಿ. ಹೊಳೆ ಮರಳು ಜರಡಿ ಹಿಡಿದಾಗ ಮೇಲೆ ಉಳಿಯುವ ಉರುಟು ಕಲ್ಲುಗಳನ್ನು ಸುಮ್ನೆ ಮೂಲೆಗೆ ಸುರಿದಿರುತ್ತಾರೆ. ಮೇಸ್ತ್ರಿಯನ್ನು ಕೇಳಿದರೆ ಒಂದು ಬಕೆಟ್ ಕೊಟ್ಟೇ ಕೊಡುತ್ತಾರೆ. ಬಿಳಿ ಬೆಣಚುಕಲ್ಲು, ಗ್ರಾನೈಟ್ ಚೂರು ಎರಡೂ ಒಳ್ಳೆಯವು, ನೀರಿನಲ್ಲಿ ಕರಗುವುದಿಲ್ಲ.

ಕರಗುವುದೇ ಇಲ್ಲಿ ಮುಖ್ಯ ವಿಷಯ. ಸುಣ್ಣದ ಅಂಶವಿರುವ ಕಲ್ಲು ನಿಧಾನವಾಗಿ ಕರಗಿ ನೀರನ್ನು ಗಡುಸು ಮಾಡುತ್ತದೆ. ಮೆದು ನೀರಿನ ಮೀನುಗಳಿಗೆ ಅದು ಆಗಿಬರುವುದಿಲ್ಲ. ಒಣಗಿದ ಕಲ್ಲಿನ ಮೇಲೆ ನಾಲ್ಕು ಹನಿ ವಿನೆಗರ್ ಹಾಕಿ, ಕಿವಿ ಹತ್ತಿರ ಹಿಡಿಯಿರಿ. ಚುರ್ರ್ ಎಂದು ಗುಳ್ಳೆ ಬಂದರೆ ಬೇಡ. ಮರಳಿನ ಜೊತೆ ಬರುವ ಚಿಪ್ಪಿನ ಚೂರುಗಳೂ ಹೀಗೇ ಗುಳ್ಳೆ ಬಿಡುತ್ತವೆ, ಆರಿಸಿ ತೆಗೆಯಿರಿ.

ನಮ್ಮ ಕಡೆಯ ಜಂಬಿಟ್ಟಿಗೆ ನೋಡಲು ಚೆಂದ, ಆದರೆ ಪುಡಿ ಉದುರಿ ನೀರು ಕೆಂಪಾಗುತ್ತದೆ. ಲೋಹದ ಹಾಗೆ ಮಿಂಚುವ ಕಲ್ಲೂ ಬೇಡ.

ತೊಳೆಯಲು ಸೋಪು ಬೇಡ, ಬ್ರಶ್ ಸಾಕು. ಕಲ್ಲನ್ನು ಪಾತ್ರೆಯಲ್ಲಿ ಹಾಕಿ ಕುದಿಸಲೇಬೇಡಿ, ಒಳಗೆ ಸೇರಿಕೊಂಡ ನೀರು ಆವಿಯಾಗಿ ಸಿಡಿಯಬಹುದು. ಮೇಲಿಂದ ಬಿಸಿನೀರು ಸುರಿದರೆ ಸಾಕು.