ಹಾಲ್ಟಿಂಗ್ ಬೇಕಾದರೆ ಮೊದಲು ಗೇಟಿನಲ್ಲಿ ಟೈಮ್ ಬರೆಸಿಕೊಳ್ಳಿ

ನಂಜನಗೂಡಿನ ಫ್ಯಾಕ್ಟರಿ ಮುಂದೆ ಎರಡು ದಿನದಿಂದ ಗಾಡಿ ಖಾಲಿಯಾಗದೆ ನಿಂತಿದೆ, ಹಾಲ್ಟಿಂಗ್ (ಗಾಡಿ ಕಾದು ನಿಂತ ದಿನಗಳ ಹಣ) ಕೇಳಿದರೆ ಪಾರ್ಟಿಯವರು (ಮಾಲು ತರಿಸಿಕೊಂಡವರು) ಟ್ರಾನ್ಸ್‌ಪೋರ್ಟ್ ಆಫೀಸಿನ ಕಡೆ, ಆಫೀಸಿನವರು ಪಾರ್ಟಿ ಕಡೆ ಕೈ ತೋರಿಸುತ್ತಿದ್ದಾರೆ ಅಂತ ಬರೆದಿದ್ದೀರಿ. ನಿಮ್ಮ ಹತ್ತಿರ ಬಾಡಿಗೆ ಮಾತಾಡಿದವರು ಯಾರು? ಹಾಲ್ಟಿಂಗ್ ಕೇಳಬೇಕಾದ್ದು ಅವರನ್ನೇ. ಪಾರ್ಟಿಯಿಂದ ಅವರಿಗೆ ಬಂತೋ ಇಲ್ಲವೋ ಅದು ಅವರಿಬ್ಬರ ಲೆಕ್ಕ. ಸುಮ್ನೆ ಸೆಕ್ಯೂರಿಟಿಯವರ ಜೊತೆ ಜಗಳ ಬೇಡ. ಅವರ ಕೈಯಲ್ಲಿ ದುಡ್ಡಿಲ್ಲ, ಆದರೆ ನಿಮ್ಮ ಗಾಡಿ ಬಂದ ಟೈಮ್ ಬರೆದಿರುವ ಪುಸ್ತಕ ಅವರ ಹತ್ತಿರವೇ ಇದೆ.

ಸಾಮಾನ್ಯವಾಗಿ ರಿಪೋರ್ಟ್ ಮಾಡಿದ ಮೇಲೆ 24 ಗಂಟೆ ಬಿಟ್ಟು ಹಾಲ್ಟಿಂಗ್ ಎಣಿಸುತ್ತಾರೆ, ಕೆಲವರು 48 ಅನ್ನುತ್ತಾರೆ. ಊರು ಮುಟ್ಟಿದ ಟೈಮ್ ಲೆಕ್ಕಕ್ಕಿಲ್ಲ, ಗೇಟಿನಲ್ಲಿ ಎಂಟ್ರಿಯಾದ ಟೈಮೇ ಲೆಕ್ಕ. ಅದಕ್ಕೆ ಎಲ್‌ಆರ್ (ಲೋಡಿನ ಜೊತೆ ಟ್ರಾನ್ಸ್‌ಪೋರ್ಟ್‌ನವರು ಕೊಡುವ ಲಾರಿ ರಸೀದಿ) ಹಿಂದೆ ತಾರೀಖು, ಗಂಟೆ ಬರೆಸಿ ಸೀಲ್ ಹಾಕಿಸಿಕೊಳ್ಳಿ. ಹಾಕಲ್ಲ ಅಂದರೆ ಫ್ಯಾಕ್ಟರಿ ಬೋರ್ಡು, ಗಾಡಿ ನಂಬರ್ ಎರಡೂ ಕಾಣುವ ಹಾಗೆ ಫೋಟೋ ತೆಗೆದು, ಲೊಕೇಶನ್ ಸಮೇತ ಆಫೀಸಿಗೆ ವಾಟ್ಸಾಪ್ ಮಾಡಿ. ಫೋನಿನಲ್ಲಿ ಹೇಳಿದ್ದು ಆಮೇಲೆ ಯಾರಿಗೂ ನೆನಪಿರಲ್ಲ. ಎಲ್‌ಆರ್ ನಂಬರ್ ಹಾಕಿ, ಇಷ್ಟು ಗಂಟೆಗೆ ರಿಪೋರ್ಟ್ ಆಗಿದೆ ಅಂತ ಒಂದು ಸಾಲು ಬರೆದರೆ ಸಾಕು. ಬೆಂಗಳೂರು ಕಡೆಯಿಂದ ಬಂದಿದ್ದರೆ ಗಣಂಗೂರು ಟೋಲಿನ ಫಾಸ್ಟ್ಯಾಗ್ ಮೆಸೇಜನ್ನೂ ಅಳಿಸಬೇಡಿ, ಲೇಟಾಗಿ ಬಂದಿಲ್ಲ ಅನ್ನೋದಕ್ಕೆ ಅದೂ ಸಾಕ್ಷಿ.

ಆಮೇಲೆ ದಿನಾ ಬೆಳಿಗ್ಗೆ ಒಂದು ಮೆಸೇಜ್: ಇನ್ನೂ ಖಾಲಿಯಾಗಿಲ್ಲ, ಕಾರಣ ಇದು. ಹಮಾಲರು ಬಂದಿಲ್ಲವೋ, ಗೋಡೌನಿನಲ್ಲಿ ಜಾಗ ಇಲ್ಲವೋ, ಮಾಲಿನ ಬಗ್ಗೆ ತಕರಾರೋ, ಕೇಳಿ ಬರೆಯಿರಿ. ಕಾರಣ ಬರೆದಿಡದಿದ್ದರೆ ಕೊನೆಗೆ ಡ್ರೈವರ್ ಲೇಟಾಗಿ ಬಂದ ಅನ್ನೋ ಮಾತು ಹುಟ್ಟುತ್ತದೆ. ಜಾಸ್ತಿ ಜಗಳ ಆಗೋದು ಭಾನುವಾರದ ಲೆಕ್ಕಕ್ಕೆ. ಶನಿವಾರ ಸಂಜೆ ಮುಟ್ಟುವ ಲೋಡಾದರೆ, ರಜೆಯನ್ನು ಹಾಲ್ಟಿಂಗಿಗೆ ಸೇರಿಸುತ್ತೀರಾ ಅಂತ ಲೋಡ್ ಮಾಡುವ ಮೊದಲೇ ಕೇಳಿ.

ಇ-ವೇ ಬಿಲ್ (ಮಾಲು ಸಾಗಿಸಲು ಬೇಕಾದ ಜಿಎಸ್‌ಟಿ ದಾಖಲೆ) ಮರೆಯಬೇಡಿ. ಸಾಮಾನ್ಯ ಲೋಡಿಗೆ ಅದರ ಅವಧಿ 200 ಕಿಲೋಮೀಟರಿಗೆ ಒಂದು ದಿನ. ಅವಧಿ ಮುಗಿಯುವ 8 ಗಂಟೆ ಮೊದಲಿನಿಂದ, ಮುಗಿದ 8 ಗಂಟೆ ನಂತರದವರೆಗೆ ಮಾತ್ರ ವಿಸ್ತರಿಸಬಹುದು. ಕಾಯುತ್ತಿರುವಾಗಲೇ ಆಫೀಸಿಗೆ ಎಚ್ಚರಿಸಿ.

ಸಿಟ್ಟಿನಲ್ಲಿ ಮಾಲು ಸಮೇತ ಗಾಡಿ ತಿರುಗಿಸಿಕೊಂಡು ಹೋಗಬೇಡಿ. ಅದು ಪೊಲೀಸ್ ದೂರಿಗೆ ದಾರಿ. ನಿಮ್ಮ ಹಿಡಿತ ಇರೋದು ಪಿಒಡಿಯಲ್ಲಿ (ಮಾಲು ಮುಟ್ಟಿದೆ ಅಂತ ಸಹಿ ಹಾಕಿಸಿಕೊಂಡ ಕಾಗದ). ಖಾಲಿಯಾದ ಮೇಲೆ ಅದರಲ್ಲಿ ಇನ್, ಔಟ್ ಎರಡೂ ಟೈಮ್ ಬರೆಸಿ, ಕೊಡುವ ಮೊದಲು ಎರಡೂ ಕಡೆ ಫೋಟೋ ತೆಗೆಯಿರಿ. ಬ್ಯಾಲೆನ್ಸ್ (ಬಾಕಿ ಬಾಡಿಗೆ) ಬಿಲ್ಲಿನ ಜೊತೆಗೇ ಹಾಲ್ಟಿಂಗ್ ಬಿಲ್ ಕೊಡಿ. ಪೂರ್ತಿ ಹಣ ಬಂದಿದೆ ಅಂತ ಬರೆದ ಕಾಗದಕ್ಕೆ ಹಣ ಬರುವ ಮೊದಲು ಸಹಿ ಹಾಕಬೇಡಿ.

ಗಾಡಿ ನಿಮ್ಮದೇ ಆಗಿದ್ದರೆ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಮಾಡಿಸಿ, ಅದೂ ಲೋಡ್ ಒಪ್ಪುವ ಮೊದಲೇ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ಯಮದವರಿಗೆ ಹಣ ಕೊಡಲು ಒಪ್ಪಂದ ಮಾಡಿಕೊಂಡರೂ 45 ದಿನ ಮೀರುವಂತಿಲ್ಲ. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಇಂಥ ಬಾಕಿ ಹಣದ ತಕರಾರು ನೋಡುವ ಫೆಸಿಲಿಟೇಷನ್ ಕೌನ್ಸಿಲಿಗೆ ಆನ್‌ಲೈನಿನಲ್ಲೇ ದೂರು ಕೊಡಬಹುದು. ಸಂಬಳದ ಡ್ರೈವರಾದರೆ ಹಾಲ್ಟಿಂಗ್ ಓನರಿಗೆ ಹೋಗುತ್ತದೆ, ನಿಮಗೆ ಟ್ರಿಪ್ ಬಾಟಾ ಅಷ್ಟೇ. ನಿಂತ ದಿನಕ್ಕೂ ಬಾಟಾ ಬೇಕು ಅಂತ ಹೊರಡುವ ಮೊದಲೇ ಮಾತಾಡಿಕೊಳ್ಳಿ.

ನಮ್ಮ ಮಂಡ್ಯ ಕಡೆ ಕಬ್ಬು ಅರೆಯುವ ಸೀಸನ್ನಿನಲ್ಲಿ ಫ್ಯಾಕ್ಟರಿ ಮುಂದೆ ಸಾಲುಗಟ್ಟಿ ನಿಂತ ಗಾಡಿಗಳನ್ನು ನೋಡುತ್ತಾ ಬೆಳೆದವರು ನಾವು. ಕಾಯೋದೂ ಕೆಲಸದ ಭಾಗವೇ ಅಂತ ಮನಸ್ಸಿಗೆ ಬಂದುಬಿಟ್ಟಿದೆ. ನಾನು ಒಪ್ಪಲ್ಲ. ಗಾಡಿ ನಿಂತರೂ ಕಂತು, ಇನ್ಶೂರೆನ್ಸ್, ಊಟದ ಖರ್ಚು ನಿಲ್ಲಲ್ಲ ಅಲ್ವಾ?

ಈಗಿನ ಲೋಡಿಗೆ ಇನ್ನೂ ತಡವಾಗಿಲ್ಲ. ಗೇಟ್ ಎಂಟ್ರಿ ಫೋಟೋ ಸಿಗುತ್ತಾ ನೋಡಿ, ಇವತ್ತೇ ಮೆಸೇಜ್ ಹಾಕಿ. ಎಲ್‌ಆರ್ ಹಿಂದಿನ ಷರತ್ತುಗಳ ಫೋಟೋ ಇಲ್ಲಿ ಹಾಕಿದರೆ ಹಾಲ್ಟಿಂಗ್ ಬಗ್ಗೆ ಏನು ಬರೆದಿದೆ ಅಂತ ಓದಿ ಹೇಳುತ್ತೇನೆ. ಹೆಸರು, ಫೋನ್ ನಂಬರ್ ಮಾತ್ರ ಮುಚ್ಚಿ ಹಾಕಿ.